ಯಂತ್ರಕ್ಕೆ ಕೋಟಿ, ಕೈಗೆ ಕೂಲಿ

ಕ್ಯಾನ್ಸರ್ ಆಸ್ಪತ್ರೆಯ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಮಠಾಧೀಶರು ಬರುತ್ತಾರೆ, ಹತ್ತಾರು ಕೋಟಿಯ ಯಂತ್ರಕ್ಕೆ ಕುಂಕುಮ ಹಚ್ಚಿ ಹಾರ ಹಾಕುತ್ತಾರೆ. ಮರುದಿನ ಪತ್ರಿಕೆಯಲ್ಲಿ ಯಂತ್ರದ ಬೆಲೆ ದಪ್ಪಕ್ಷರದಲ್ಲಿ ಬರುತ್ತದೆ. ಆ ಯಂತ್ರದಡಿ ರೋಗಿಯನ್ನು ಮಲಗಿಸಿ, ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಿ, ಗುಂಡಿ ಒತ್ತುವವರು ಯಾರು, ಅವರಿಗೆ ತಿಂಗಳಿಗೆ ಕೊಡುವುದೆಷ್ಟು ಎಂದು ಒಂದು ವೇದಿಕೆಯಲ್ಲೂ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಲು ನಾಚಿಕೆಯಾಗುವಷ್ಟು ಕಡಿಮೆ. ಅದಕ್ಕೇ ಹೇಳುವುದಿಲ್ಲ.

ಕಾಗದದ ಮೇಲೆ ಅವರು ರೇಡಿಯೋಥೆರಪಿ ಟೆಕ್ನಾಲಜಿಸ್ಟ್. ರೋಗಿಯ ಮನೆಯವರಿಗೆ ‘ಕರೆಂಟ್ ಕೊಡೋ ಹುಡುಗ’. ನಮ್ಮ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯಿಂದ ಈ ಓದಿಗೆ ಹೋಗುವ ಮಕ್ಕಳು ಯಾರೆಂದು ನನಗೆ ಗೊತ್ತು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡವರು, ನೀಟ್ ಕೋಚಿಂಗಿಗೆ ಲಕ್ಷಗಟ್ಟಲೆ ಕಟ್ಟಲಾಗದೆ ಡಾಕ್ಟರ್ ಆಗುವ ಆಸೆಯನ್ನು ಬಿಟ್ಟವರು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿ ಓದಿದವರು. ಅಪ್ಪ ಭೀಮಸಮುದ್ರದ ತೋಟಗಳಲ್ಲಿ ಅಡಿಕೆ ಗೊನೆ ಇಳಿಸುತ್ತಾನೆ, ಅವ್ವ ಅಡಿಕೆ ಸುಲಿಯುತ್ತಾಳೆ. ಮಾದಿಗರ, ನಾಯಕರ, ಗೊಲ್ಲರ, ಲಂಬಾಣಿಗಳ ಮನೆಗಳ ಮೊದಲ ಪದವೀಧರರು. ಪ್ಯಾರಾಮೆಡಿಕಲ್ ಓದಿದರೆ ಕೆಲಸ ಗ್ಯಾರಂಟಿ ಎಂದು ಯಾರೋ ಹೇಳಿರುತ್ತಾರೆ. ಕೆಲಸವೇನೋ ಸಿಗುತ್ತದೆ. ಆ ಕೆಲಸದಲ್ಲಿ ಬದುಕು ಸಿಗುತ್ತದೆಯೇ ಎಂಬುದನ್ನು ಕಾಲೇಜಿನ ಪ್ರಾಸ್ಪೆಕ್ಟಸ್ ಬರೆಯುವುದಿಲ್ಲ.

ಆ ಕೆಲಸ ಎಂಥದ್ದೆಂದು ಮೊದಲು ನೋಡೋಣ. ಬಾಯಿ ಕ್ಯಾನ್ಸರಿನ ಒಬ್ಬ ಅಜ್ಜಿ ಬಂದಿದ್ದಾಳೆ. ಮೊದಲ ದಿನ ತೂತುತೂತಿನ ಪ್ಲಾಸ್ಟಿಕ್ ಹಾಳೆಯೊಂದನ್ನು ಸುಮಾರು 70 ಡಿಗ್ರಿ ಬಿಸಿನೀರಿನಲ್ಲಿ ಅದ್ದುತ್ತಾರೆ. ಅದು ಮೆತ್ತಗಾದ ಮೇಲೆ ತೆಗೆದು, ನೀರು ಒರೆಸಿ, ಅಜ್ಜಿಯ ಮುಖದ ಮೇಲೆ ಎಳೆದು ಅಂಚುಗಳನ್ನು ಹಲಗೆಗೆ ಬಿಗಿಯುತ್ತಾರೆ. ಕೆಲವೇ ನಿಮಿಷದಲ್ಲಿ ಅದು ಗಟ್ಟಿಯಾಗಿ ಅವಳ ಮುಖದ್ದೇ ಅಚ್ಚಾಗುತ್ತದೆ. ಮುಂದಿನ ಏಳು ವಾರ, ವಾರಕ್ಕೆ ಐದು ದಿನ, ದಿನವೂ ಅದೇ ಮಾಸ್ಕಿನೊಳಗೆ ಅವಳ ಮುಖ ಬಂಧಿ. ಗೋಡೆಯಿಂದ ಬರುವ ಲೇಸರ್ ಗೆರೆಗಳು ಮಾಸ್ಕಿನ ಮೇಲಿನ ಗುರುತಿಗೆ ಕೂಡಬೇಕು. ಕೂಡದಿದ್ದರೆ ಮೇಜನ್ನು ಎಡಕ್ಕೋ ಬಲಕ್ಕೋ ಎರಡು ಮಿಲಿಮೀಟರ್ ಸರಿಸಬೇಕು. ಚಿತ್ರ ತೆಗೆದು, ಪ್ಲಾನಿನ ಚಿತ್ರದೊಂದಿಗೆ ತಾಳೆ ನೋಡಬೇಕು. ಆಮೇಲೆ ಕೋಣೆಯಲ್ಲಿ ಬೇರೆ ಯಾರೂ ಇಲ್ಲವೆಂದು ಸುತ್ತ ನೋಡಿ, ಕೊನೆಯವರಾಗಿ ಹೊರಬಂದು, ಬಾಗಿಲು ಮುಚ್ಚಬೇಕು. ‘ಅಜ್ಜೀ, ಅಲ್ಲಾಡಬ್ಯಾಡ. ನಾ ಆಚೆ ಟೀವೀಲಿ ನಿನ್ನೇ ನೋಡ್ತಿರ್ತೀನಿ. ಏನಾರ ಆದ್ರೆ ಕೈ ಎತ್ತು’ ಎಂದು ಮೈಕಿನಲ್ಲಿ ಹೇಳಬೇಕು. ಆ ಮಾತನ್ನು ಡಾಕ್ಟರ್ ಹೇಳುವುದಿಲ್ಲ. ಯಂತ್ರ ತಯಾರಿಸಿದ ಕಂಪನಿ ಹೇಳುವುದಿಲ್ಲ. ಹೊಳಲ್ಕೆರೆಯ ಹುಡುಗ ಹೇಳುತ್ತಾನೆ.

ತಲೆ–ಕುತ್ತಿಗೆಯ ಕ್ಯಾನ್ಸರಿಗೆ ಸಾಮಾನ್ಯವಾಗಿ 70 ಗ್ರೇ ವಿಕಿರಣವನ್ನು 35 ಕಂತಿನಲ್ಲಿ ಕೊಡುತ್ತಾರೆ. ಗಡ್ಡೆಯ ಪಕ್ಕದಲ್ಲೇ ಬೆನ್ನುಹುರಿ ಇರುತ್ತದೆ, ಲಾಲಾಗ್ರಂಥಿ ಇರುತ್ತದೆ. ಒಂದು ಸೆಂಟಿಮೀಟರ್ ತಪ್ಪಿದರೆ ಗಡ್ಡೆ ಉಳಿಯುತ್ತದೆ, ಉಳಿಯಬೇಕಾದದ್ದು ಸುಡುತ್ತದೆ. ಫ್ರಾನ್ಸಿನ ಎಪಿನಾಲ್ ಪಟ್ಟಣದ ಆಸ್ಪತ್ರೆಯಲ್ಲಿ 2004–05ರಲ್ಲಿ ಪ್ರೊಸ್ಟೇಟ್ ಕ್ಯಾನ್ಸರಿನ ರೋಗಿಗಳಿಗೆ ಲೆಕ್ಕ ತಪ್ಪಿ ಹೆಚ್ಚು ವಿಕಿರಣ ಬಿತ್ತು. ಹಲವರು ನರಳಿದರು, ಕೆಲವರು ಸತ್ತರು. ತರಬೇತಿಗೆ, ಕೈಪಿಡಿಗೆ, ಜನಕ್ಕೆ ಹಣ ಉಳಿಸಿದರೆ ಏನಾಗುತ್ತದೆ ಎಂದು ಇಡೀ ಯುರೋಪು ಆಗ ಕಣ್ಣುಬಿಟ್ಟು ನೋಡಿತು. ನಾವು ಇನ್ನೂ ನೋಡಿಲ್ಲ.

ಇಷ್ಟು ಹೊಣೆ ಹೊತ್ತ ಕೈಗೆ ಸಂಬಳವೆಷ್ಟು? ಹೊಳಲ್ಕೆರೆ ತಾಲ್ಲೂಕಿನ ನನ್ನ ಪರಿಚಯದ ಹುಡುಗನೊಬ್ಬ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಈ ಕೆಲಸ ಮಾಡುತ್ತಾನೆ. ಬಿಎಸ್ಸಿ ರೇಡಿಯೋಥೆರಪಿ ಓದಿದವನು, ಇಂಟರ್ನ್‌ಶಿಪ್ ಮುಗಿಸಿದವನು. ಕೈಗೆ ಬರುವುದು 19 ಸಾವಿರ. ನಾಲ್ವರು ಸೇರಿ ಹಿಡಿದ ಕೋಣೆ, ಮೆಸ್ಸಿನ ಊಟ, ಊರಿಗೆ ಕಳಿಸುವ ಐದು ಸಾವಿರ, ತಂಗಿಯ ಫೀಜು. ತಿಂಗಳ ಇಪ್ಪತ್ತನೇ ತಾರೀಕಿಗೆ ಅವನ ಫೋನು ಬಂದರೆ ವಿಷಯ ಏನೆಂದು ನನಗೆ ಗೊತ್ತಾಗುತ್ತದೆ. ಅವನ ಜೊತೆಗಿರುವವರ ಕತೆಯೂ ಇದಕ್ಕಿಂತ ಬೇರೆಯಲ್ಲ.

ಈಗ ಸರ್ಕಾರದ್ದೇ ಲೆಕ್ಕ ಪಕ್ಕದಲ್ಲಿಟ್ಟು ನೋಡಿ. ಕರ್ನಾಟಕದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಯಿತು. ರಾಜ್ಯ ಸರ್ಕಾರಿ ನೌಕರನ ಕನಿಷ್ಠ ಮೂಲ ವೇತನ 17 ಸಾವಿರದಿಂದ 27 ಸಾವಿರಕ್ಕೆ ಏರಿತು. ಅದು ಬಾಗಿಲು ಕಾಯುವ ‘ಡಿ’ ಗ್ರೂಪ್ ನೌಕರನ ಆರಂಭದ ಮೂಲ ವೇತನ. ತುಟ್ಟಿಭತ್ಯೆ, ಮನೆಬಾಡಿಗೆ ಬೇರೆ. ಅವನಿಗೆ ಅಷ್ಟು ಸಿಗುವುದು ನ್ಯಾಯ, ಇನ್ನೂ ಹೆಚ್ಚು ಸಿಗಲಿ. ಮನುಷ್ಯನೊಬ್ಬ ಮರ್ಯಾದೆಯಿಂದ ಬದುಕಲು ಇಷ್ಟಾದರೂ ಬೇಕೆಂದು ಸರ್ಕಾರವೇ ಒಪ್ಪಿಕೊಂಡ ಮೊತ್ತ ಅದು. ಕ್ಯಾನ್ಸರಿನ ಗಡ್ಡೆಗೆ ಮಿಲಿಮೀಟರ್ ಗುರಿಯಿಡುವವನಿಗೆ ಅದಕ್ಕಿಂತ ಕಡಿಮೆ. ದೆಹಲಿಯ ಏಮ್ಸ್‌ನಂಥ ಕೇಂದ್ರದ ಸಂಸ್ಥೆಯಲ್ಲಿ ಇದೇ ಓದಿಗೆ, ಇದೇ ಯಂತ್ರದ ಮುಂದೆ, ಲೆವೆಲ್ 6ರಲ್ಲಿ 35,400 ರೂಪಾಯಿ ಮೂಲ ವೇತನ. ಅಮೆರಿಕದಲ್ಲಿ 2023ರ ಸರ್ಕಾರಿ ಲೆಕ್ಕದಂತೆ ಈ ವೃತ್ತಿಯವರ ಮಧ್ಯಮ ವಾರ್ಷಿಕ ಗಳಿಕೆ 98,300 ಡಾಲರ್. ಡಾಲರನ್ನು ರೂಪಾಯಿಗೆ ಬದಲಿಸಿ ನೋಡುವುದು ಸರಿಯಲ್ಲ, ಅಲ್ಲಿಯ ಖರ್ಚು ಬೇರೆ. ಆದರೆ ಅಲ್ಲಿ ಆ ಸಂಬಳಕ್ಕೆ ಮನೆ ಕೊಳ್ಳಬಹುದು, ಮಕ್ಕಳನ್ನು ಓದಿಸಬಹುದು. ಇಲ್ಲಿ ನಮ್ಮ ಹುಡುಗ ಮದುವೆಯ ಮಾತೆತ್ತಲು ಹೆದರುತ್ತಾನೆ.

ಸರ್ಕಾರಿ ಆಸ್ಪತ್ರೆ ಸೇರಿದರೆ ಬಚಾವು ಅನ್ನುತ್ತೀರಾ? ಅಲ್ಲಿ ಕಾಯಂ ಹುದ್ದೆ ತುಂಬುವ ಮಾತೇ ವಿರಳ. ಗುತ್ತಿಗೆ, ಇಲ್ಲವೇ ಹೊರಗುತ್ತಿಗೆ. ಹೊರಗುತ್ತಿಗೆ ಎಂದರೆ ನಡುವೆ ಒಬ್ಬ ಏಜೆನ್ಸಿಯವನು. ಆಸ್ಪತ್ರೆ ಏಜೆನ್ಸಿಗೆ ಒಂದು ಮೊತ್ತ ಕಟ್ಟುತ್ತದೆ, ಅದರಲ್ಲಿ ಸೇವಾಶುಲ್ಕ ಹೋಗುತ್ತದೆ, ಪಿಎಫ್ ಹೋಗುತ್ತದೆ, ಮಾಲೀಕ ಕಟ್ಟಬೇಕಾದ ಪಾಲನ್ನೂ ಹುಡುಗನ ಸಂಬಳದಲ್ಲೇ ಮುರಿದುಕೊಳ್ಳುವ ಏಜೆನ್ಸಿಗಳಿವೆ. ಹನ್ನೊಂದು ತಿಂಗಳಿಗೊಮ್ಮೆ ಕರಾರು, ನಡುವೆ ಒಂದು ದಿನ ಬ್ರೇಕ್. ಆ ಒಂದು ದಿನದ ಬ್ರೇಕನ್ನು ಕಂಡುಹಿಡಿದವನ ತಲೆ ಎಂಥದ್ದಿರಬೇಕು! ಹತ್ತು ವರ್ಷ ದುಡಿದವನು ಹತ್ತು ವರ್ಷ ದುಡಿದಿಲ್ಲ ಎಂದು ಸಾಬೀತು ಮಾಡಲಿಕ್ಕೆ ಮಾತ್ರ ಇರುವ ದಿನ ಅದು.

ಹುದ್ದೆ ಕಾಯಂ ಮಾಡಿ ಎಂದರೆ ಅಧಿಕಾರಿಗಳು ಉಮಾದೇವಿ ಪ್ರಕರಣ ಎನ್ನುತ್ತಾರೆ. ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣ ಅದು, 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ತೀರ್ಪು. ತಾತ್ಕಾಲಿಕ ನೌಕರರಿಗೆ ಕಾಯಂ ಆಗುವ ಹಕ್ಕಿಲ್ಲ ಎಂಬ ಆ ತೀರ್ಪಿನ ಸಾಲು ಪ್ರತಿ ಇಲಾಖೆಯ ಗುಮಾಸ್ತರಿಗೂ ಬಾಯಿಪಾಠ. ಅದೇ ಕೋರ್ಟು 2016ರಲ್ಲಿ ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಸಲ್ಲಬೇಕು ಎಂದದ್ದು ಅವರಿಗೆ ಬಾಯಿಪಾಠವಿಲ್ಲ. 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ, ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಂಡು ವರ್ಷಗಟ್ಟಲೆ ದುಡಿದವರನ್ನು ವಂಚಿಸಬೇಡಿ ಎಂದು ಹೇಳಿದ್ದನ್ನಂತೂ ಯಾರೂ ಓದಿದಂತೆ ಕಾಣುವುದಿಲ್ಲ. ಬಡವನ ವಿರುದ್ಧದ ತೀರ್ಪು ಒಂದೇ ದಿನದಲ್ಲಿ ಸುತ್ತೋಲೆಯಾಗುತ್ತದೆ. ಅವನ ಪರವಾದ ತೀರ್ಪು ಕಡತದಲ್ಲೇ ಮುಪ್ಪಾಗುತ್ತದೆ.

ಬಡ್ತಿಯ ಮಾತು ಇನ್ನೂ ಕೆಟ್ಟದ್ದು. ಟೆಕ್ನಾಲಜಿಸ್ಟ್ ಆಗಿ ಸೇರಿದವನು ಸೀನಿಯರ್ ಟೆಕ್ನಾಲಜಿಸ್ಟ್ ಆಗಬಹುದು, ಬಹಳ ದೊಡ್ಡ ಆಸ್ಪತ್ರೆಯಾದರೆ ಚೀಫ್ ಆಗಬಹುದು. ಮುಗಿಯಿತು. ವಿಕಿರಣದ ಪ್ರಮಾಣ ಲೆಕ್ಕ ಹಾಕುವ ಮೆಡಿಕಲ್ ಫಿಸಿಸಿಸ್ಟ್ ಆಗಬೇಕೆಂದರೆ ಭೌತಶಾಸ್ತ್ರದ ಎಂಎಸ್ಸಿ ಬೇಕು, ಅದರ ಮೇಲೆ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ (ಬಿಎಆರ್‌ಸಿ) ನಡೆಸುವಂಥ ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಬೇಕು. ಬಿಎಸ್ಸಿ ರೇಡಿಯೋಥೆರಪಿ ಓದಿದವನಿಗೆ ಆ ಎಂಎಸ್ಸಿಯ ಬಾಗಿಲೇ ತೆರೆಯುವುದಿಲ್ಲ. ವರ್ಷಗಟ್ಟಲೆ ಯಂತ್ರದ ಜೊತೆ ಬದುಕಿ, ಅದರ ಒಂದೊಂದು ಸದ್ದನ್ನೂ ಗುರುತಿಸಬಲ್ಲವನು ನಲವತ್ತಕ್ಕೆ ಬಂದಾಗಲೂ ಇಪ್ಪತ್ತೆರಡರ ಹುದ್ದೆಯಲ್ಲೇ ನಿಂತಿರುತ್ತಾನೆ. ಅನುಭವಕ್ಕೆ ಸೇತುವೆ ಕೋರ್ಸ್ ಮಾಡಬೇಕೆಂದು ಯಾವ ವಿಶ್ವವಿದ್ಯಾಲಯಕ್ಕೂ ಅನ್ನಿಸಿಲ್ಲ. ಓದಿನಲ್ಲೂ ಮೇಲುಕೀಳು ಕಟ್ಟಿದ ದೇಶ ಇದು. ಮುಟ್ಟಿ ಮಾಡುವ ಕೆಲಸ ಕೆಳಗೆ, ಮುಟ್ಟದೆ ಹೇಳುವ ಕೆಲಸ ಮೇಲೆ. ರೋಗಿಯ ಎಂಜಲು ಒರೆಸುವವನು, ಹುಣ್ಣಾದ ಕುತ್ತಿಗೆಯನ್ನು ಕೈಯಲ್ಲಿ ಹಿಡಿದು ಹೊಂದಿಸುವವನು ಎಷ್ಟು ಓದಿದರೂ ಕೆಳಗೇ. ಇದು ಎಲ್ಲಿಂದ ಬಂದ ಬುದ್ಧಿ ಎಂದು ನಮ್ಮ ಕೇರಿಯ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಭಾಗದ ಚರಿತ್ರೆಯ ಮೊದಲ ಪುಟದಲ್ಲೇ ಇದೇ ಅನ್ಯಾಯವಿದೆ. ರಾಂಟ್ಜೆನ್ 1895ರಲ್ಲಿ ಎಕ್ಸ್–ಕಿರಣ ಕಂಡುಹಿಡಿದ ಮೇಲೆ ಅಮೆರಿಕದಲ್ಲಿ ಎಡಿಸನ್ ಅದರ ಪ್ರಯೋಗಕ್ಕಿಳಿದ. ಕಿರಣದ ಎದುರು ದಿನಗಟ್ಟಲೆ ಕೈಯೊಡ್ಡಿದವನು ಎಡಿಸನ್ ಅಲ್ಲ, ಅವನ ಸಹಾಯಕ ಕ್ಲಾರೆನ್ಸ್ ಡ್ಯಾಲಿ. ಕೈ ಸುಟ್ಟು ಹುಣ್ಣಾಯಿತು, ಕ್ಯಾನ್ಸರಾಯಿತು, ಎರಡೂ ಕೈ ಕತ್ತರಿಸಬೇಕಾಯಿತು. 1904ರಲ್ಲಿ, ನಲವತ್ತು ತುಂಬುವ ಮೊದಲೇ ಸತ್ತ. ಎಡಿಸನ್ ಹೆದರಿ ಎಕ್ಸ್–ಕಿರಣದ ಕೆಲಸವನ್ನೇ ಬಿಟ್ಟ, 84 ವರ್ಷ ಬಾಳಿದ. ನಮ್ಮ ಪಠ್ಯಪುಸ್ತಕದಲ್ಲಿ ಎಡಿಸನ್ ಇದ್ದಾನೆ, ಡ್ಯಾಲಿ ಇಲ್ಲ. ಜರ್ಮನಿಯ ಹ್ಯಾಂಬರ್ಗಿನ ಜನ ಸ್ವಲ್ಪ ಮನುಷ್ಯತ್ವ ತೋರಿದರು. 1936ರಲ್ಲಿ ಅಲ್ಲಿಯ ಆಸ್ಪತ್ರೆಯೊಂದರ ಅಂಗಳದಲ್ಲಿ ವಿಕಿರಣದ ಕೆಲಸದಲ್ಲಿ ಸತ್ತವರ ಸ್ಮಾರಕ ಕಟ್ಟಿ, ಡಾಕ್ಟರುಗಳ ಜೊತೆಗೆ ಟೆಕ್ನಿಷಿಯನ್ನರ, ದಾದಿಯರ ಹೆಸರನ್ನೂ ಕೆತ್ತಿಸಿದರು.

ಇಂದು ವಿಕಿರಣದ ಅಪಾಯ ಡ್ಯಾಲಿಯ ಕಾಲದ್ದಲ್ಲ, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ದಪ್ಪ ಕಾಂಕ್ರೀಟ್ ಗೋಡೆಯಿದೆ, ಬಾಗಿಲು ತೆರೆದರೆ ಕಿರಣ ತಾನೇ ನಿಲ್ಲುತ್ತದೆ, ಎದೆಯ ಮೇಲೆ ಮೈಗೆ ತಗುಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು ಎಂದು ಮಿತಿ ಹಾಕಿದೆ. ಈ ನಿಯಮಗಳು ಒಳ್ಳೆಯವು. ಆದರೆ ಹೆಣ್ಣುಮಕ್ಕಳ ಪಾಡು ನೋಡಿ. ಗರ್ಭಿಣಿ ಎಂದು ತಿಳಿಸಿದ ದಿನದಿಂದ ಭ್ರೂಣಕ್ಕೆ 1 ಮಿಲಿಸೀವರ್ಟ್ ಮೀರದಂತೆ ಕೆಲಸ ಹಂಚಬೇಕು. ಕಾಯಂ ನೌಕರಳು ಧೈರ್ಯವಾಗಿ ತಿಳಿಸುತ್ತಾಳೆ. ಹನ್ನೊಂದು ತಿಂಗಳ ಕರಾರಿನ ಹುಡುಗಿ ಹೇಗೆ ತಿಳಿಸಬೇಕು? ಹೇಳಿದರೆ ಮುಂದಿನ ತಿಂಗಳು ಕರಾರು ನವೀಕರಣವಾಗುವುದಿಲ್ಲವೆಂಬ ಭಯ. ಅಣುಶಕ್ತಿಯ ನಿಯಮ ಅವಳನ್ನು ಕಾಯಲು ಬಂದರೆ, ಕರಾರು ಅವಳ ಬಾಯಿ ಮುಚ್ಚಿಸುತ್ತದೆ.

ಹೋರಾಟ ಮಾಡಿ ಅನ್ನುವವರಿದ್ದಾರೆ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ಸಾವಿರಾರು ಹೆಂಗಸರು ರಸ್ತೆಗೆ ಬಂದಾಗ ಸರ್ಕಾರ ಮಾತಿಗೆ ಬರಲೇಬೇಕಾಯಿತು. ರೇಡಿಯೋಥೆರಪಿಯವರು ಇಡೀ ಜಿಲ್ಲೆ ಸೋಸಿದರೂ ಒಂದು ಬಸ್ಸಿಗೆ ಆಗುವಷ್ಟಿಲ್ಲ. ಅವರಿಗೆ ಓಟಿನ ಬಲವಿಲ್ಲ, ಸಂಘದ ಬಲವಿಲ್ಲ. ಮುಷ್ಕರ ಹೂಡಬೇಕೆಂದರೆ ಅದಕ್ಕಿಂತ ದೊಡ್ಡ ಕಟ್ಟು ಇದೆ. ತಲೆ–ಕುತ್ತಿಗೆಯ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದೊಂದು ದಿನ ಮುಂದಕ್ಕೆ ಹೋದಂತೆ ಗಡ್ಡೆ ಹತೋಟಿಗೆ ಬರುವ ಸಂಭವ ಹೆಚ್ಚುಕಡಿಮೆ ಶೇಕಡ 1ರಷ್ಟು ಇಳಿಯುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಮುಷ್ಕರದ ಹತ್ತು ದಿನ ಎಂದರೆ ಏನೆಂದು ಆ ಹುಡುಗರಿಗೆ ಗೊತ್ತು. ಮಾಸ್ಕಿನೊಳಗಿನ ಅಜ್ಜಿಯ ಮುಖ ಅವರಿಗೆ ಗೊತ್ತು. ಆದ್ದರಿಂದ ಅವರು ಯಂತ್ರ ನಿಲ್ಲಿಸುವುದಿಲ್ಲ. ಯಂತ್ರ ಕೆಟ್ಟು ಮಧ್ಯಾಹ್ನ ದುರಸ್ತಿಯಾದರೆ ರಾತ್ರಿ ಹತ್ತರವರೆಗೆ ನಿಂತು ಆ ದಿನದ ರೋಗಿಗಳನ್ನು ಆ ದಿನವೇ ಮುಗಿಸುತ್ತಾರೆ, ಓವರ್‌ಟೈಮ್ ಕೇಳದೆ. ಈ ಒಳ್ಳೆಯತನದ ಮೇಲೆಯೇ ಇಡೀ ವ್ಯವಸ್ಥೆ ನಿಂತಿದೆ. ನೀನು ಬಿಟ್ಟುಹೋಗಲಾರೆ, ಆದ್ದರಿಂದ ನಿನಗೆ ಹೆಚ್ಚು ಕೊಡಬೇಕಿಲ್ಲ. ಮನುಷ್ಯನ ಕರುಣೆಯನ್ನೇ ಅವನ ಕೂಲಿ ಕಡಿತಕ್ಕೆ ಬಳಸುವುದಕ್ಕಿಂತ ನೀಚ ಕೆಲಸ ಇನ್ನೊಂದನ್ನು ನಾನು ಕಾಣೆ.

ಇನ್ನು ನಮ್ಮ ಜಿಲ್ಲೆಗೆ ಬನ್ನಿ. 2011ರ ಜನಗಣತಿಯಲ್ಲೇ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16 ಲಕ್ಷ 59 ಸಾವಿರ. ಹತ್ತು ಲಕ್ಷ ಜನಕ್ಕೆ ಕನಿಷ್ಠ ಒಂದು ವಿಕಿರಣ ಯಂತ್ರ ಬೇಕೆಂಬುದು ಎಲ್ಲರೂ ಒಪ್ಪಿದ ಅಳತೆ. ಅಡಿಕೆ–ತಂಬಾಕು ಜಗಿಯುವ ನಾಡು ನಮ್ಮದು. ತಂಬಾಕಿಲ್ಲದ ಬರಿ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ವರದಿಯಲ್ಲೇ ಬರೆದಿದೆ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಸುತ್ತ ನೋಡಿದರೆ ಆ ನಿಷೇಧದ ಗತಿ ಏನೆಂದು ತಿಳಿಯುತ್ತದೆ. ಬಾಯಿ ತೆರೆಯಲಾಗದೆ ಹುಣ್ಣು ಕಟ್ಟಿಕೊಂಡವರು ನಮ್ಮ ತಾಲ್ಲೂಕು ಆಸ್ಪತ್ರೆಗೆ ಬಂದರೆ ಅಲ್ಲಿ ಚೀಟಿ ಬರೆದು ದಾವಣಗೆರೆಗೋ, ಶಿವಮೊಗ್ಗಕ್ಕೋ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಕಳಿಸುತ್ತಾರೆ. ಕಿದ್ವಾಯಿ ಶುರುವಾದದ್ದು 1973ರಲ್ಲಿ. ಅರ್ಧ ಶತಮಾನ ಕಳೆದರೂ ದುರ್ಗದವರು 200 ಕಿಲೋಮೀಟರ್ ಬಸ್ಸಿನಲ್ಲೇ ಹೋಗಬೇಕು. 2023ರ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಟಿಕೆಟ್ ಉಚಿತವಾಯಿತು, ಅದು ಸಣ್ಣ ಉಪಕಾರವಲ್ಲ. ಆದರೆ 35 ದಿನದ ಚಿಕಿತ್ಸೆಗೆ ಏಳು ವಾರ ಬೆಂಗಳೂರಲ್ಲಿ ಉಳಿಯುವುದೆಲ್ಲಿ? ಧರ್ಮಶಾಲೆಯಲ್ಲಿ ಜಾಗ ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಆಸ್ಪತ್ರೆ ಮುಂದಿನ ಫುಟ್‌ಪಾತು. ಜೊತೆಗೆ ಬಂದ ಮಗನ ಏಳು ವಾರದ ಕೂಲಿ ಹೋಯಿತು. ಆಯುಷ್ಮಾನ್ ಕಾರ್ಡು ಚಿಕಿತ್ಸೆಯ ಬಿಲ್ಲು ಕಟ್ಟುತ್ತದೆ, ಹೋದ ಕೂಲಿಯನ್ನು ಕಟ್ಟುವುದಿಲ್ಲ. ಅರ್ಧ ಕಂತಿಗೇ ಊರಿಗೆ ಬಂದು ಮಲಗಿದವರ ಮನೆಗಳಿಗೆ ನಾನು ಹೋಗಿದ್ದೇನೆ.

ಯಂತ್ರ ಇಲ್ಲಿಲ್ಲ, ಆದ್ದರಿಂದ ಹುದ್ದೆ ಇಲ್ಲಿಲ್ಲ. ಹುದ್ದೆ ಇಲ್ಲದ್ದರಿಂದ ನಮ್ಮ ಮಕ್ಕಳು ಬೆಂಗಳೂರಿನಲ್ಲಿ 19 ಸಾವಿರಕ್ಕೆ ದುಡಿಯುತ್ತಾರೆ, ಆಮೇಲೆ ಗಲ್ಫಿನ ಏಜೆಂಟನ ಹಿಂದೆ ಹೋಗುತ್ತಾರೆ. ಹೊಳಲ್ಕೆರೆಯ ಅಜ್ಜಿ ಹೊಳಲ್ಕೆರೆಯ ಹುಡುಗನ ಕೈಯಲ್ಲೇ ಚಿಕಿತ್ಸೆ ಪಡೆಯಲು ಇಬ್ಬರೂ ಬೆಂಗಳೂರಿಗೆ ಹೋಗಬೇಕಾಗಿದೆ.

ಕೇಂದ್ರದ 2025–26ರ ಬಜೆಟ್ಟಿನಲ್ಲಿ ಮೂರು ವರ್ಷದಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ಎಂದರು. ಅದು ಕೀಮೋಥೆರಪಿಯ ಮಾತು, ಡ್ರಿಪ್ ಹಾಕಿ ಸಂಜೆ ಮನೆಗೆ ಕಳಿಸುವುದು. ಬರಲಿ, ಬೇಕು. ವಿಕಿರಣದ ಮಾತು ಅದರಲ್ಲಿಲ್ಲ. ಬಜೆಟ್ಟಿನ ಘೋಷಣೆ ಎಂದರೆ ಏನೆಂದು ದುರ್ಗದವರಿಗೆ ಯಾರೂ ಪಾಠ ಹೇಳಬೇಕಿಲ್ಲ. 2023ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಎಂದು ಓದಿದ್ದನ್ನು ಕೇಳಿ ಚಪ್ಪಾಳೆ ತಟ್ಟಿದ ರೈತರೇ ಆ ಹಣಕ್ಕಾಗಿ ಬೀದಿಗಿಳಿಯಬೇಕಾಯಿತು.

ಹಣವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳಿಂದ ಅದಿರು ಲಾರಿಗಟ್ಟಲೆ ಹೋಗಿದೆ. ಆ ದೂಳನ್ನು ಉಸಿರಾಡಿದವರು ನಾವು. 2015ರ ಕಾಯ್ದೆ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು, ಅದರ ಹಣದಲ್ಲಿ ಕನಿಷ್ಠ ಶೇಕಡ 60 ಆರೋಗ್ಯ, ಕುಡಿಯುವ ನೀರು, ಶಿಕ್ಷಣದಂಥ ಆದ್ಯತೆಗಳಿಗೆ ಹೋಗಬೇಕೆಂದು ಆಗ ನಿಯಮವಾಯಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಜನರಿಗಾಗಿ ಸುಪ್ರೀಂ ಕೋರ್ಟ್ ತೆಗೆದಿರಿಸಿದ ಸಾವಿರಾರು ಕೋಟಿ ಬೇರೆ ಇದೆ. ರಸ್ತೆ, ಸಮುದಾಯ ಭವನ, ಕಾಂಪೌಂಡು ಎಂದರೆ ಈ ಹಣ ಕೂಡಲೇ ನೆನಪಾಗುತ್ತದೆ. ಕ್ಯಾನ್ಸರ್ ಯಂತ್ರ ಎಂದಾಗ ಮರೆತುಹೋಗುತ್ತದೆ.

ಜಾಗವಿಲ್ಲ ಎಂದೂ ಹೇಳಲಾಗದು. ಚಳ್ಳಕೆರೆಯ ಉಳ್ಳಾರ್ತಿ ಕಾವಲು, ಕುದಾಪುರ, ಅಮೃತ್ ಮಹಲ್ ಹುಲ್ಲುಗಾವಲಿನ ಸಾವಿರಾರು ಎಕರೆ ಅಣು ಸಂಶೋಧನೆಗೆ, ರಕ್ಷಣಾ ಸಂಶೋಧನೆಗೆ, ಬಾಹ್ಯಾಕಾಶಕ್ಕೆ ಹೋಯಿತು. ಕುರಿ ಮೇಯಿಸುವವರು ಬೇಲಿಯ ಆಚೆ ನಿಂತರು. ಅಲ್ಲಿ ಜಾಗ ಪಡೆದ ಬಿಎಆರ್‌ಸಿಯೇ ಭಾಭಾಟ್ರಾನ್ ಎಂಬ ದೇಶೀ ಕೋಬಾಲ್ಟ್ ಯಂತ್ರ ರೂಪಿಸಿದ ಸಂಸ್ಥೆ. ಅದನ್ನು ತಯಾರಿಸಿ ಮಾರುವ ಕಂಪನಿ ನಮ್ಮ ಬೆಂಗಳೂರಿನಲ್ಲೇ ಇದೆ. ಅಣುಶಕ್ತಿ ಇಲಾಖೆಗೆ ನಮ್ಮ ಕಾವಲು ಬೇಕಾದರೆ, ನಮ್ಮ ಜಿಲ್ಲೆಗೆ ಅದರ ಒಂದು ಯಂತ್ರ ಕೇಳುವ ಹಕ್ಕು ನಮಗಿದೆ. ಇದು ಭಿಕ್ಷೆಯಲ್ಲ, ಕೊಟ್ಟ ಭೂಮಿಯ ಬಾಕಿ.

ಯಂತ್ರದ ಜೊತೆ ಹುದ್ದೆ ಬರಬೇಕು, ಯಂತ್ರಕ್ಕಿಂತ ಮೊದಲೇ ಬರಬೇಕು. ಸಂಸತ್ತು 2021ರಲ್ಲಿ ಅಲೈಡ್ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿ, ರೇಡಿಯೋಥೆರಪಿ ಟೆಕ್ನಾಲಜಿಸ್ಟ್‌ಗಳನ್ನು ಅದರ ಪಟ್ಟಿಯಲ್ಲಿ ಹೆಸರಿಸಿದೆ. ಮೂರು ವರ್ಷ ಅದು ಕಾಗದದಲ್ಲೇ ಉಳಿದು, 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ–ರಾಜ್ಯಗಳಿಗೆ ಎರಡು ತಿಂಗಳ ಗಡುವು ಕೊಡಬೇಕಾಯಿತು. ಕಾಯ್ದೆ ನೋಂದಣಿ ಕೊಡುತ್ತದೆ, ಮಾನ್ಯತೆ ಕೊಡುತ್ತದೆ. ಸಂಬಳ ಕೊಡುವುದಿಲ್ಲ. ಅದನ್ನು ಕೊಡಬೇಕಾದದ್ದು ಹುದ್ದೆ ಮಂಜೂರು ಮಾಡುವ ಆರ್ಥಿಕ ಇಲಾಖೆ, ನೇಮಕ ಮಾಡುವ ವೈದ್ಯಕೀಯ ಶಿಕ್ಷಣ ಇಲಾಖೆ.

2023ರಲ್ಲಿ ಚಿತ್ರದುರ್ಗಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಅಲ್ಲೇ ರೇಡಿಯೋಥೆರಪಿ ವಿಭಾಗ ತೆರೆಯಲಿ, ಅಲ್ಲೇ ಬಿಎಸ್ಸಿ ಸೀಟುಗಳನ್ನು ಸರ್ಕಾರಿ ಫೀಜಿನಲ್ಲಿ ಕೊಡಲಿ. ಕೇಂದ್ರದ ಲೆವೆಲ್ 6ಕ್ಕೆ ಸಮನಾದ ಶ್ರೇಣಿಯಲ್ಲಿ, ಮೀಸಲಾತಿ ರೋಸ್ಟರಿನಂತೆ ಕಾಯಂ ಹುದ್ದೆಗಳನ್ನು ಸೃಷ್ಟಿಸಲಿ; ಏಜೆನ್ಸಿ ಬೇಡ, ಒಂದು ದಿನದ ಬ್ರೇಕ್ ಬೇಡ. ಖಾಸಗಿ ಆಸ್ಪತ್ರೆಗಳು ಸರ್ಕಾರಿ ವಿಮೆಯ ಹಣ ಪಡೆಯುತ್ತವಲ್ಲ, ಈ ವೃತ್ತಿಗೆ ಕನಿಷ್ಠ ಸಂಬಳ ಕೊಡುವ ಆಸ್ಪತ್ರೆಗೆ ಮಾತ್ರ ಆ ಹಣ ಎಂದು ಷರತ್ತು ಹಾಕಲಿ. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಪ್ಪಂದದಲ್ಲಿ ಒಂದು ಸಾಲು ಸಾಕು.

ಜಿಲ್ಲಾ ಉಸ್ತುವಾರಿ ಸಚಿವರ ಮುಂದಿನ ಕೆಡಿಪಿ ಸಭೆಯಲ್ಲಿ ನಮ್ಮ ಶಾಸಕರಲ್ಲಿ ಒಬ್ಬರಾದರೂ ಎದ್ದುನಿಂತು ಖನಿಜ ನಿಧಿಯ ಲೆಕ್ಕ ಕೇಳಲಿ, ರೇಡಿಯೋಥೆರಪಿ ಘಟಕದ ಪ್ರಸ್ತಾವ ಎಲ್ಲಿದೆ ಎಂದು ಕೇಳಲಿ, ಅದಕ್ಕೆ ಎಷ್ಟು ಕಾಯಂ ಹುದ್ದೆ ಎಂದು ಕೇಳಿ ಉತ್ತರವನ್ನು ನಡಾವಳಿಯಲ್ಲಿ ಬರೆಸಲಿ. ಕೇಳದಿದ್ದರೆ ಸಭಾಂಗಣದ ಹೊರಗೆ ನಾವು ನಿಲ್ಲುತ್ತೇವೆ. ಯಂತ್ರ ನಿಲ್ಲಿಸಲಾಗದ ಆ ಹುಡುಗರ ಪರವಾಗಿ ರಸ್ತೆಗಿಳಿಯಬೇಕಾದವರು ಆ ಯಂತ್ರದಡಿ ಅಮ್ಮನನ್ನೋ ಅಪ್ಪನನ್ನೋ ಮಲಗಿಸಿದ ನಾವೇ.